ಬಲಗಡೆಯ ಖಾಲಿ ಜಾಗ

ನವೆಂಬರ್ 20, ಗುರುವಾರ
ಹಾಸ್ಟೆಲ್, ಎರಡನೇ ಮಹಡಿ

ಪ್ರೀತಿಯ ಅಮ್ಮನಿಗೆ,

ಮೊದಲು ಸಾರಿ. ಕಾಗದ ಬರೆಯುತ್ತಿರುವುದಕ್ಕೇ ಸಾರಿ. ಪೋಸ್ಟಿನಲ್ಲಿ ಕವರು ಬಂದದ್ದು ನೋಡಿ ನಿನ್ನ ಎದೆ ಧಸಕ್ಕೆಂದಿರುತ್ತದೆ, ಇವಳು ಫೇಲಾದಳೋ ಯಾರನ್ನಾದರೂ ಕಟ್ಟಿಕೊಂಡಳೋ ಅಂತ. ಎರಡೂ ಆಗಿಲ್ಲ. ಆರಾಮಾಗಿದ್ದೇನೆ. ಈ ವಿಷಯವನ್ನು ಫೋನಿನಲ್ಲೇ ಹೇಳೋಣ ಅಂತ ಎಷ್ಟೋ ಸಲ ನೋಡಿದೆ. ನಾನು ಬಾಯಿ ತೆಗೆಯುವಷ್ಟರಲ್ಲಿ "ತಡಿಯೇ, ಕಸ್ಟಮರ್ ಬಂದ್ರು" ಅನ್ನುತ್ತೀಯ, ನಾನು "ಸರಿ ಬಿಡು" ಅನ್ನುತ್ತೇನೆ. ನಮ್ಮಿಬ್ಬರದು ಇಷ್ಟು ವರ್ಷ ನಡೆದುಕೊಂಡು ಬಂದಿರುವುದೇ ಈ ಎರಡು ಮಾತಿನ ಮೇಲೆ. ಕಾಗದವಾದರೆ ನೀನು ಮಧ್ಯದಲ್ಲಿ ಬಾಯಿ ಹಾಕಲಾರೆ. ಅದಕ್ಕೂ ಸಾರಿ.

ಸ್ಕೂಲ್ ಹಾಸ್ಟೆಲಿನಿಂದ ಪ್ರತಿ ಭಾನುವಾರ ನಿನಗೆ ಕಾಗದ ಬರುತ್ತಿತ್ತಲ್ಲ, ಅದನ್ನೆಲ್ಲ ವಾರ್ಡನ್ ಓದಿ ಕಳಿಸುತ್ತಿದ್ದರು. "ರಾತ್ರಿ ಅಳು ಬರುತ್ತೆ" ಅಂತ ಬರೆದರೆ ಹೊಡೆದುಹಾಕಿ "ನಾನು ಸಂತೋಷವಾಗಿದ್ದೇನೆ" ಅಂತ ಬರೆಸಿ ಅಂಟು ಹಚ್ಚುತ್ತಿದ್ದರು. ಹಾಗೆ ನೋಡಿದರೆ ಐದನೇ ಕ್ಲಾಸಿನಿಂದ ಇಲ್ಲಿಯವರೆಗೆ ನಾನು ನಿನಗೆ ಬರೆದ ಮೊದಲನೇ ಕಾಗದ ಇದೇ. ಇದನ್ನು ಯಾರೂ ತಿದ್ದಿಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಕಾಗುಣಿತ ಅಲ್ಲಲ್ಲಿ ಕೈಕೊಟ್ಟಿರುತ್ತದೆ. ಅಡ್ಜಸ್ಟ್ ಮಾಡಿಕೋ. ಅಪ್ಪನಿಗೂ ತೋರಿಸು. ಅವರು ಹೇಗೂ ಓದುವುದಿಲ್ಲ, "ಏನಂತೆ ಅವಳದು?" ಅಂತ ನಿನ್ನನ್ನೇ ಕೇಳುತ್ತಾರೆ.

ನೀನು ಕಳಿಸಿದ ಪಾರ್ಸೆಲ್ ಬಂತು. ಮತ್ತೆ ಅದೇ ಗ್ರೀನ್ ಟೀ ಪ್ಯಾಕೆಟ್ಟುಗಳು. ನನ್ನ ರೂಮ್‌ಮೇಟ್ ಗೊತ್ತಲ್ಲ, ಕಣ್ಣು ಬಿಟ್ಟಾಗಿಂದ ಮುಚ್ಚುವವರೆಗೂ ಮಾತಾಡುತ್ತಲೇ ಇರುವವಳು, ನಾವೆಲ್ಲ ರೇಡಿಯೋ ಅಂತ ಕರೆಯುವವಳು? ಅವಳು ಡಬ್ಬ ಬಿಚ್ಚಿ, "ಏನೇ, ನಿಮ್ಮಮ್ಮ ನಿನ್ನ ಓದೋಕೆ ಕಳಿಸಿದಾರಾ, ನೆನೆಹಾಕೋಕೆ ಕಳಿಸಿದಾರಾ?" ಅಂದಳು. ನಕ್ಕೆ. ಒಳಗೆ ನೀನಿಟ್ಟಿದ್ದ ಚೀಟಿ ಓದುವವರೆಗೂ ನಗುತ್ತಲೇ ಇದ್ದೆ. "ಮುಂದಿನ ಸಲ ಕ್ಯಾಪ್ಸೂಲ್ ಕಳಿಸ್ತೀನಿ, ಟೀಗಿಂತ ಸ್ಟ್ರಾಂಗ್ ಅಂತೆ, ಬೇಗ ಕರಗುತ್ತಂತೆ." ಕರಗುವುದು ಏನು ಅಂತ ನೀನು ಬರೆದಿರಲಿಲ್ಲ. ಬರೆಯಬೇಕಾಗೂ ಇರಲಿಲ್ಲ.

ಅಮ್ಮ, ನಾನು ಅದನ್ನು ಕುಡಿಯಲಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡ. ಸೇರಿದ ದಿನದಿಂದ ನೀನು ಹೇಳಿದ ಹಾಗೇ ಕುಡಿದಿದ್ದೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಊಟ ಆದಮೇಲೆ, ಸಂಜೆ ಮತ್ತೊಂದು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಒಣಹುಲ್ಲು ಕುದಿಸಿದ ನೀರಿನ ಹಾಗೆ. ನನಗೆ ಮೊದಲೇ ಎಲ್ಲದಕ್ಕೂ ಗಾಬರಿ. ಲ್ಯಾಬಿನಲ್ಲಿ ಪಿಪೆಟ್ ಹಿಡಿದರೆ ಕೈ ನಡುಗುತ್ತದೆ. ಈ ಟೀ ಸೇರಿ ನಿದ್ದೆಯೂ ಹೋಯಿತು. ಹಾಸಿಗೆಯಲ್ಲಿ ಹೊರಳಾಡುತ್ತಾ, ಈಗ ಕರಗುತ್ತಿರಬಹುದು, ಈಗ ಕರಗುತ್ತಿರಬಹುದು ಅಂದುಕೊಳ್ಳುತ್ತಿದ್ದೆ. ಆಮೇಲೆ ಹಾಸ್ಟೆಲಿನ ಸಿಕ್‌ರೂಮಿಗೆ ಹೋಗಿ, ನರ್ಸ್ ಆಚೆ ತಿರುಗಿದಾಗ ತೂಕದ ಮೆಷೀನು ಹತ್ತಿ ನೋಡಿದರೆ, ಮುಳ್ಳು ತನ್ನ ಹಳೇ ಜಾಗ ಬಿಟ್ಟು ಅಲ್ಲಾಡಿರುತ್ತಿರಲಿಲ್ಲ.

ಇಷ್ಟಾದರೂ ನಿನ್ನ ಮೇಲೆ ನನಗೆ ಅನುಮಾನ ಬರಲಿಲ್ಲ. ನಾನೇ ಎಲ್ಲೋ ತಪ್ಪು ಮಾಡುತ್ತಿದ್ದೇನೆ ಅಂದುಕೊಂಡೆ. ನೀರು ಜಾಸ್ತಿ ಬಿಸಿಯಾಯಿತೋ, ಎಲೆ ಜಾಸ್ತಿ ಹೊತ್ತು ನೆಂದಿತೋ ಅಂತ.

ನಮಗೆ ನ್ಯೂಟ್ರಿಷನ್ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ. ಏನು ಹೇಳಿದರೂ "ಯಾರು ಹೇಳಿದ್ದು? ಎಲ್ಲಿ ಬರೆದಿದೆ?" ಅನ್ನುವುದರಿಂದ ಅವರಿಗೆ ಇಡೀ ಕಾಲೇಜಿನಲ್ಲಿ ಎಲ್ಲಿ-ಬರೆದಿದೆ ಮೇಡಂ ಅಂತಲೇ ಹೆಸರು. ಅವರು ಒಂದು ಪ್ರಾಜೆಕ್ಟ್ ಕೊಟ್ಟರು. ಪ್ರತಿಯೊಬ್ಬರೂ ಮನೆಯಲ್ಲಿ ಕೇಳಿದ ಒಂದು ಮಾತು ತರಬೇಕು, ಅದು ನಿಜವೋ ಸುಳ್ಳೋ ಲೈಬ್ರರಿಯಲ್ಲಿ ಹುಡುಕಿ ಬಂದು ಹೇಳಬೇಕು. ನಾನು ಕೈ ಎತ್ತಿ, "ಗ್ರೀನ್ ಟೀ ಕುಡಿದರೆ ಬೊಜ್ಜು ಕರಗುತ್ತೆ, ನಮ್ಮಮ್ಮ ಹೇಳಿದ್ದು" ಅಂದೆ. ಯಾಕೆ ಗೊತ್ತಾ? ನೀನು ಗೆಲ್ಲಬೇಕು ಅಂತ. ಅಷ್ಟು ಜನರ ಮುಂದೆ ನಿಂತು, ಪಾರ್ಲರ್ ನಡೆಸುವ ನಮ್ಮಮ್ಮ ಹೇಳಿದ್ದು ನಿಜ ಅಂತ ತೋರಿಸಬೇಕು ಅಂತ.

ಹುಡುಕಿದೆ ಅಮ್ಮ, ಮನಸ್ಸಿಟ್ಟು ಹುಡುಕಿದೆ. ಆ ಎಲೆಯಲ್ಲಿ ಕ್ಯಾಟೆಚಿನ್ ಅನ್ನುವ ಅಂಶಗಳಿವೆ, ಕೆಫೀನ್ ಇದೆ. ಎರಡೂ ಸೇರಿ ಮೈ ಶಕ್ತಿ ಸುಡುವುದನ್ನು ಒಂಚೂರು ಜೋರು ಮಾಡಬಹುದು. ಅಲ್ಲಿಯವರೆಗೆ ನೀನೇ ಗೆಲ್ಲುತ್ತಿದ್ದೆ. ಮುಂದೆ ಓದಿದೆ. ಕೆಲವರಿಗೆ ಗ್ರೀನ್ ಟೀ ಕೊಟ್ಟು, ಕೆಲವರಿಗೆ ಹಾಗೇ ಕಾಣುವ ಬೇರೇನೋ ಕೊಟ್ಟು, ಯಾರಿಗೆ ಯಾವುದು ಅಂತ ಅವರಿಗೇ ಹೇಳದೆ ವಾರಗಟ್ಟಲೆ ತೂಕ ನೋಡಿದ್ದಾರೆ. ಅಂಥ ಎಷ್ಟೋ ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದರೂ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವಷ್ಟೇ. ಬೆಳಿಗ್ಗೆಗೂ ಸಂಜೆಗೂ ಮೈತೂಕ ತಾನಾಗೇ ಅದಕ್ಕಿಂತ ಜಾಸ್ತಿ ಆಡುತ್ತದೆ. ಕೊಬ್ಬು ಕರಗಿ ಹರಿದುಹೋಗುತ್ತದೆ ಅಂತ ಎಲ್ಲೂ ಇರಲಿಲ್ಲ.

ಕ್ಲಾಸಿನಲ್ಲಿ ಅದನ್ನೇ ಹೇಳಿದೆ. ಮೇಡಂ ಕನ್ನಡಕದ ಮೇಲಿಂದ ನೋಡಿ, "ನಿಮ್ಮಮ್ಮ ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಕಣಮ್ಮಾ. ಆದ್ರೆ ಬೋರ್ಡ್ ಬರೆಸಿ ಹಾಕೋವಷ್ಟು ನಿಜಾನೂ ಅಲ್ಲ" ಅಂದರು. ಹಿಂದಿನ ಬೆಂಚಿನಿಂದ ಒಬ್ಬಳು, "ಎಲ್ಲಿ ಬರೆದಿದೆ ಅಂತ ಕೇಳೋದೇ ಬೇಡ ಮೇಡಂ, ಅವಳ ಮೈಮೇಲೇ ಬರೆದಿದೆ" ಅಂದಳು. ಇಡೀ ಕ್ಲಾಸು ನಕ್ಕಿತು. ಮೊದಲಾಗಿದ್ದರೆ ಬಾತ್‌ರೂಮಿಗೆ ಓಡಿಹೋಗಿ ಅಳುತ್ತಿದ್ದೆ. ಅವತ್ತು ಏನಾಯಿತೋ, ತಿರುಗಿ ನಿಂತು, "ಹೌದು ಕಣೇ, ದೊಡ್ಡಕ್ಷರದಲ್ಲೇ ಬರೆದಿದೆ. ಕಣ್ಣು ಸರಿಯಿದ್ರೆ ಓದ್ಕೋ" ಅಂದೆ. ಈ ಸಲ ಕ್ಲಾಸು ನನ್ನ ಪರವಾಗಿ ನಕ್ಕಿತು. ಆ ಖುಷಿಯಲ್ಲಿ ಕ್ಯಾಂಟೀನಿಗೆ ಹೋಗಿ ಹಾಲು ಹಾಕಿದ ಟೀ ಕುಡಿದೆ, ಸಕ್ಕರೆ ಜಾಸ್ತಿ ಹಾಕಿಸಿಕೊಂಡು. ಆಹಾ!

ಅವತ್ತು ಸಂಜೆಯೇ ಚಿಕ್ಕಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಹಾಕಿದಳು. "ಅಕ್ಕನ ಪಾರ್ಲರಿಗೆ ಹೊಸ ಗಾಜಿನ ಬಾಗಿಲು, ಎಲ್ಲರೂ ವಿಶ್ ಮಾಡಿ!" ಬಾಗಿಲು ತುಂಬಾ ಚೆನ್ನಾಗಿದೆ ಅಮ್ಮ, ನಿಜವಾಗಲೂ. ಆ ಹಳೇ ಕಿರ್ರೋ ಅನ್ನುವ ಮರದ ಬಾಗಿಲು ಹೋಯಿತಲ್ಲ, ಸದ್ಯ. ವಿಶ್ ಮಾಡೋಣ ಅಂತ ದೊಡ್ಡದು ಮಾಡಿ ನೋಡಿದೆ. ಗಾಜಿನ ಒಳಗಡೆ, ಮಾರೋಕೆ ಅಂತ ಗ್ರೀನ್ ಟೀ ಡಬ್ಬಗಳನ್ನು ಜೋಡಿಸಿದ್ದೀಯಲ್ಲ, ಅದರ ಮೇಲೆ ಒಂದು ದೊಡ್ಡ ಫ್ರೇಮು. ಫ್ರೇಮಿನಲ್ಲಿ ಎರಡು ಭಾಗ. ಎಡಗಡೆ "ಮೊದಲು". ಅದರ ಕೆಳಗೆ ನಾನು, ಹಳದಿ ಅಂಗಿಯಲ್ಲಿ, ಕಾಲೇಜು ಲೈಬ್ರರಿಯ ಮೆಟ್ಟಿಲ ಮೇಲೆ. ಬಲಗಡೆ "ಆಮೇಲೆ". ಅಲ್ಲಿ ಬರೀ ಬಿಳಿ ಹಾಳೆ, ಅದರ ಮೇಲೆ ನಿನ್ನ ಅಕ್ಷರದಲ್ಲಿ "ಶೀಘ್ರದಲ್ಲಿ".

ರೇಡಿಯೋ ನನ್ನ ಹೆಗಲ ಮೇಲಿಂದ ಇಣುಕಿ, "ಅಯ್ಯೋ, ಶೀಘ್ರದಲ್ಲಿ ಅಂತೆ! ನೀನೇನು ಸಿನಿಮಾನೇನೇ?" ಅಂದವಳು, ನನ್ನ ಮುಖ ನೋಡಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮ, ಈಗ ಹೇಳುವುದನ್ನು ಜೋರಾಗಿ ಹೇಳುತ್ತೇನೆ. ಬೇಜಾರಾದರೆ ಆಗಲಿ.

ನಾನು "ಮೊದಲು" ಅಲ್ಲ. ನಾನು ಈಗ ಇರುವವಳು. ನನ್ನನ್ನು ಗಾಜಿನ ಹಿಂದೆ ನಿಲ್ಲಿಸಿ, ಹುಬ್ಬು ತೀಡಿಸಿಕೊಳ್ಳಲು ಬಂದವರಿಗೆಲ್ಲ "ನಮ್ಮ ಮಗಳೇ ನೋಡಿ, ರಜೆಗೆ ಬರ್ತಾಳಲ್ಲ, ಆಗ ನೋಡಿ" ಅಂತ ಮಾತು ಕೊಡಲು ನಿನಗೆ ಯಾರು ಹೇಳಿದರು? ನನ್ನನ್ನು ಒಂದು ಮಾತು ಕೇಳಿದೆಯಾ? ರಜೆಗೆ ಬಂದಾಗೆಲ್ಲ ನಾನು ಬ್ಯಾಗ್ ಇಳಿಸುವ ಮೊದಲೇ ನೀನು ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡುತ್ತೀಯ. "ಊದಿದೀಯ" ಅನ್ನುತ್ತೀಯ, ಇಲ್ಲದಿದ್ದರೆ "ಪರವಾಗಿಲ್ಲ, ಒಂಚೂರು ಇಳಿದಿದೀಯ" ಅನ್ನುತ್ತೀಯ. ಹೇಗಿದೀಯ ಅನ್ನುವುದು ಆಮೇಲೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಚಿಕ್ಕವಳಿದ್ದಾಗ ಗುಂಡಮ್ಮ, ಗುಂಡಮ್ಮ ಅಂತ ಕೆನ್ನೆ ಹಿಂಡಿ ಎತ್ತಿಕೊಂಡು ಓಡಾಡುತ್ತಿದ್ದವಳು ನೀನೇ ತಾನೆ? ಅದೇ ಗುಂಡಗಿರುವುದು ಯಾವತ್ತಿನಿಂದ ಕಾಯಿಲೆಯಾಯಿತು?

ನಿನಗೆ ಕೆಟ್ಟ ಉದ್ದೇಶವಿಲ್ಲ ಅಂತ ಗೊತ್ತು. ಅತ್ತೆ ನಿನ್ನನ್ನು ಡ್ರಮ್ಮು ಅಂತ ಕರೆಯುತ್ತಿದ್ದದ್ದು ನನಗೂ ನೆನಪಿದೆ. ನಮ್ಮ ಮನೆಯ ಆಲ್ಬಮಿನಲ್ಲಿ ನಿನ್ನದು ಒಂದು ಪೂರ್ತಿ ಫೋಟೋ ಇಲ್ಲ ಅಮ್ಮ. ಎಲ್ಲದರಲ್ಲೂ ಕುರ್ಚಿಯ ಹಿಂದೆ ಇದ್ದೀಯ, ಇಲ್ಲ ಯಾರದೋ ಮಗುವನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದೀಯ. ನನಗೆ ಹಾಗಾಗಬಾರದು ಅಂತ ನಿನ್ನ ಆಸೆ ಇರಬಹುದು. ಆದರೆ ನೀನು ಅಡಗಿಕೊಂಡು ಬದುಕಿದ್ದಕ್ಕೆ ನನ್ನನ್ನು ಅಂಗಡಿ ಬಾಗಿಲಿಗೆ ನೇತುಹಾಕುವುದು ಯಾವ ನ್ಯಾಯ?

ಇನ್ನೊಂದು. ಆ ಕ್ಯಾಪ್ಸೂಲ್ ತರಿಸಬೇಡ. ಮಾರಬೇಡ, ನೀನಂತೂ ನುಂಗಲೇಬೇಡ. ಅದು ಎಲೆಯ ಸಾರವನ್ನು ಗಟ್ಟಿ ಮಾಡಿ ತುಂಬಿದ್ದು. ಅಪರೂಪಕ್ಕೆ ಕೆಲವರ ಲಿವರ್ ಅದರಿಂದ ಕೆಟ್ಟಿದೆ ಅಂತ ಓದಿದೆ. ಕಪ್ಪಿನಲ್ಲಿ ಟೀ ಕುಡಿಯುವುದಾದರೆ ಕುಡಿ, ರುಚಿ ಇಷ್ಟವಾದರೆ. ಊಟದ ಬದಲು ಕುಡಿಯಬೇಡ, ಊಟದ ಜೊತೆಗೂ ಬೇಡ. ನಿನಗೆ ಮೊದಲೇ ರಕ್ತ ಕಡಿಮೆ. ಅನ್ನದ ಜೊತೆ ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೊನ್ನೆ ಕಸ್ಟಮರ್ ತಲೆ ತೊಳೆಯುತ್ತಾ ನಿನಗೆ ಕಣ್ಣು ಕತ್ತಲೆ ಬಂತು ಅಂತ ಚಿಕ್ಕಮ್ಮ ಹೇಳಿದಳು. "ನಿಮ್ಮಮ್ಮ ಡಯಟ್ ಕಣೇ" ಅಂತ ಹೆಮ್ಮೆಯಿಂದ ಹೇಳಿದಳು. ನನಗೆ ಸಿಟ್ಟೇ ಬಂತು.

ಈ ಕವರಿನಲ್ಲಿ ಒಂದು ಹೊಸ ಫೋಟೋ ಇಟ್ಟಿದ್ದೇನೆ. ರೇಡಿಯೋ ತೆಗೆದದ್ದು. ಅದೇ ಹಳದಿ ಅಂಗಿ, ಅದೇ ಲೈಬ್ರರಿ ಮೆಟ್ಟಿಲು, ಅಷ್ಟೇ ದಪ್ಪ ನಾನು. ಕೈಯಲ್ಲಿರುವುದು ಹಾಲಿನ ಟೀ. ಫ್ರೇಮನ್ನು ಇಳಿಸುತ್ತೀಯೋ, ಇಲ್ಲ ಬಲಗಡೆಯ ಖಾಲಿ ಜಾಗಕ್ಕೆ ಇದನ್ನು ಹಾಕುತ್ತೀಯೋ, ನಿನಗೆ ಬಿಟ್ಟದ್ದು. ಹಾಕಿದರೆ ಜನ ಕೇಳುತ್ತಾರೆ, "ಇದೇನ್ರೀ, ಎರಡೂ ಒಂದೇ ಥರ ಇದೆ?" "ಹೌದು, ಎರಡೂ ನನ್ನ ಮಗಳೇ" ಅನ್ನು. ಮೂರನೇ ದಾರಿ ಇಲ್ಲ. ಆ ಬಿಳಿ ಹಾಳೆ ಅಲ್ಲಿರುವಷ್ಟು ದಿನ ನಾನು ಆ ಬಾಗಿಲಿನೊಳಗೆ ಕಾಲಿಡುವುದಿಲ್ಲ. ರಜೆಗೆ ಹಾಸ್ಟೆಲಿಗೆ ಬೀಗ ಹಾಕುತ್ತಾರೆ. ರೇಡಿಯೋ ಮನೆಯವರು ಬಾ ಅಂದಿದ್ದಾರೆ. ನನಗೆ ಬರಬೇಕೆಂದಿರುವುದು ನಮ್ಮ ಮನೆಗೆ. ಪಾರ್ಲರಿನ ಹಿಂದಿನ ಆ ಸಣ್ಣ ರೂಮಿನಲ್ಲಿ ಟವೆಲ್ ಮಡಿಚುತ್ತಾ ನಿನ್ನ ಜೊತೆ ಹರಟೆ ಹೊಡೆಯುವುದಕ್ಕೆ.

ನಿನ್ನ ಕಾಲುನೋವು ಕಡಿಮೆಯಾಗಲಿ. ಹೊಸ ಬಾಗಿಲಿಗೆ ಒಂದು ಗೀರೂ ಬೀಳದಿರಲಿ. ಹೊಟ್ಟೆ ತುಂಬ ಊಟ ಮಾಡು, ಕೂತು ಮಾಡು.

ನಿನ್ನ ಮಗಳು,
ಗುಂಡಮ್ಮ

ಮರೆತಿದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಆ ಎಡಗಡೆಯ ಫೋಟೋ ನಾನೇ ನಿನಗೆ ಕಳಿಸಿದ್ದು, ಕಾಲೇಜಿನ ಮೊದಲ ವಾರ. ಯಾಕೆ ಕಳಿಸಿದೆ ಗೊತ್ತಾ? ಅದರಲ್ಲಿ ನಾನು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದೆ. ನನ್ನ ಫೋಟೋ ನೋಡಿ, ಅರೆ, ಚೆನ್ನಾಗಿದೀನಲ್ಲ ಅಂತ ನನಗನ್ನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು. ತುಂಬ ಹೊತ್ತು ನೋಡಿ, ಅಮ್ಮನಿಗೂ ತೋರಿಸೋಣ ಅಂತ ಕಳಿಸಿದೆ. ನೀನು ಹೆಬ್ಬೆಟ್ಟು ಎತ್ತಿದ ಗುರುತು ಹಾಕಿದೆ. ನಿನಗೂ ಹಾಗೇ ಅನ್ನಿಸಿತು ಅಂದುಕೊಂಡಿದ್ದೆ. ಟಿಕೆಟ್ ಮಾಡಿಸಬೇಕು. ಬೇಗ ಉತ್ತರ ಬರಿ ಅಮ್ಮ.