ಸೀರೆಯ ಗಂಟು

ತಿಕೋಟಾ ಹೈಸ್ಕೂಲಿನ ಮುಖ್ಯ ಗುರುಗಳಿಗೆ ಘೋಣಸಗಿಯಿಂದ ದಶರಥನ ನಮಸ್ಕಾರ.

ವಿತ್ ಡ್ಯೂ ರಿಸ್ಪೆಕ್ಟ್, ಐ ಬೆಗ್ ಟು... ಮುಂದಿನದು ಮರೆತಿದೆ ಸರ್. ವಿಜಯಪುರದಲ್ಲಿ ಬಿ.ಎ. ಅರ್ಧಕ್ಕೇ ಬಿಟ್ಟವನು ನಾನು, ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಮಗಳು ವಿಶಾಖಾ ನಿಮ್ಮಲ್ಲಿ ಹತ್ತನೆಯ ತರಗತಿ. ಸ್ಪೆಷಲ್ ಕ್ಲಾಸು ನಸುಕಿಗೇ ಶುರುವಾದಾಗಿನಿಂದ ಆ ಹೊತ್ತಿಗೆ ಬಸ್ಸಿಲ್ಲ, ತಿಕೋಟಾಕ್ಕೆ ನಾನೇ ಬೈಕಿನಲ್ಲಿ ಕರೆತರುತ್ತೇನೆ. ತಡವಾಗಿ ಓದಿ ಮಲಗುವ ಹುಡುಗಿ, ಹಿಂದೆ ಕೂತಲ್ಲೇ ನಿದ್ದೆ ಹೋಗುತ್ತಾಳೆ. ಒಮ್ಮೆ ಜಾರಿಯೇ ಬಿಟ್ಟಿದ್ದಳು. ಅಂದಿನಿಂದ, ತೀರಿಹೋದ ನನ್ನ ಹೆಂಡತಿಯ ಹಳೆಯ ಸೀರೆಯಿಂದ ಅವಳನ್ನು ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ, ಹೊಲದಲ್ಲಿ ಅವಳವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಹಾಗೆ. "ಯಪ್ಪಾ, ಸಾಲಿ ಬರೂದ್ರಾಗ ಬಿಚ್ಚು, ಹುಡುಗ್ಯಾರು ನಗ್ತಾರ" ಅನ್ನುತ್ತಾಳೆ.

ಹಿಂದೆ ಕ್ಲಾಸಿನ ಹೊತ್ತು ಬದಲಿಸಿ ಎಂದು ಕೇಳಲು ಬಂದಾಗ ತಾವು, "ನಸಕ್ಲೇ ಎದ್ರ ಶಾಣ್ಯಾರಾಗ್ತಾರ, ಮಗಳ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ" ಅಂದಿರಿ. ಮೊಬೈಲ್ ನನ್ನ ಕಿಸೆಯಲ್ಲೇ ಇರುತ್ತದೆ ಸರ್.

ಈ ವಾರ ಪಂಪಿಗೆ ಕರೆಂಟು ರಾತ್ರಿಯೇ ಬರುತ್ತಿದೆ. ದ್ರಾಕ್ಷಿಗೆ ನೀರು ಬಿಟ್ಟು, ಮಲಗದೆ ಹಾಗೇ ಗಾಡಿ ಹತ್ತುತ್ತೇನೆ. ನಿನ್ನೆ ನಾನು ಕಣ್ಣು ಬಿಟ್ಟಾಗ ಬೈಕು ರಸ್ತೆ ಬಿಟ್ಟು ಜೋಳದ ಹೊಲದಲ್ಲಿ ಓಡುತ್ತಿತ್ತು, ಮುಂದೆ ಬಾವಿ. ಬ್ರೇಕು ಹಿಡಿಯಿತು. ವಿಶಾಖಾಳಿಗೆ ಎಚ್ಚರವೇ ಆಗಲಿಲ್ಲ. ಗಂಟು ಗಟ್ಟಿಯಾಗಿತ್ತು.

ಕ್ಲಾಸು ಒಂಬತ್ತಕ್ಕೆ ಇಟ್ಟರೆ ಅವಳಿಗೆ ಬಸ್ಸೂ ಸಿಗುತ್ತದೆ, ನಿದ್ದೆಯೂ ಸಿಗುತ್ತದೆ. ಕೈಂಡ್ಲಿ ಡು ದಿ ನೀಡ್‌ಫುಲ್. ಆಗದಿದ್ದರೆ ಇಷ್ಟಾದರೂ ತಿಳಿಸಿ. ಕಟ್ಟದಿದ್ದರೆ ಅವಳೊಬ್ಬಳೇ ಬೀಳುತ್ತಾಳೆ, ಕಟ್ಟಿದರೆ ನನ್ನ ಜೊತೆ ಬೀಳುತ್ತಾಳೆ. ನಾಳೆ ಬೆಳಿಗ್ಗೆ ಕಟ್ಟಲೋ, ಬಿಡಲೋ?

ಯುವರ್ಸ್ ಒಬೀಡಿಯಂಟ್ಲಿ,
ದಶರಥ, ವಿಶಾಖಾಳ ತಂದೆ