ಫ್ಲೆಕ್ಸಿನಲ್ಲಿ ಸತ್ತ ಅಕ್ಕನಿಗೆ

ಸಿರುಗುಪ್ಪ
ಭಾನುವಾರ, 8 ಡಿಸೆಂಬರ್ 2024

ಪ್ರೀತಿಯ ಅಕ್ಕಾ,

ನಿನ್ನ ಗಂಟಲು ಈಗ ಹೇಗಿದೆ? ಕಾಲೇಜಿನವರು ಮೈಕು ಕೊಡುವವರೆಗೂ ಕೂಗಿ ಪಾಠ ಮಾಡಬೇಡ. ಹಿಂದಿನ ಬೆಂಚಿನವರಿಗೆ ಕೇಳದಿದ್ದರೆ ಅವರೇ ಮುಂದೆ ಬಂದು ಕೂರಲಿ. ಭಾವನ ಕೆಮ್ಮು ಕಡಿಮೆಯಾಯಿತೇ? ಬಳ್ಳಾರಿಯ ಧೂಳಿಗೆ ಕುರುಗೋಡಿನವರ ಎದೆಯೂ ಸೋಲುತ್ತದೆ ಎಂದು ನನ್ನ ಪರವಾಗಿ ಅವರನ್ನು ರೇಗಿಸು. ಸತ್ಯನಾರಾಯಣಪೇಟೆಯ ನಿಮ್ಮ ಮಾಳಿಗೆ ಮನೆಗೆ ನೀರು ಏರುತ್ತಿದೆಯೇ? ಮನೆ ಮಾಲೀಕರಾದ ಇಂದಿರಾಬಾಯಿಯವರು ಮೆಟ್ಟಿಲ ಮೇಲೆ ತಡೆದು ‘ನೀವು ಯಾರ ಪೈಕಿ’ ಎಂದು ಕೇಳುವುದನ್ನು ಬಿಟ್ಟರೇ? ಎಲ್ಲ ತಿಳಿಯುವ ಆಸೆ. ಇಲ್ಲಿ ಅಪ್ಪ, ಅವ್ವ, ನಾನು ಆರೋಗ್ಯವಾಗಿದ್ದೇವೆ. ಈ ಮನೆಯಲ್ಲಿ ಸತ್ತಿರುವವಳು ನೀನೊಬ್ಬಳೇ.

ನನ್ನ ಫೋನನ್ನು ಅಪ್ಪ ತನ್ನ ಗೊಬ್ಬರದಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದಾನೆ. ಅದಕ್ಕೇ ಈ ಕಾಗದ. ಎದುರು ಮನೆಯ ಮೌನಿಕಾ ನರ್ಸಿಂಗ್ ಓದಲು ದಿನಾ ಬಳ್ಳಾರಿಗೆ ಹೋಗುತ್ತಾಳಲ್ಲ, ನಾಳೆ ಬೆಳಗ್ಗೆ ಅವಳ ಕೈಗೆ ಕೊಡುತ್ತೇನೆ. ಫೋನಿನಲ್ಲಾದರೆ ನೀನು ‘ಅಳಬ್ಯಾಡ ಬಿಡು’ ಎಂದು ಎರಡು ಮಾತಿಗೆ ಮುಗಿಸಿಬಿಡುತ್ತೀಯ. ನಾನು ಅಳುತ್ತಿಲ್ಲ. ನನಗೆ ಸಿಟ್ಟು ಬಂದಿದೆ. ಕಾಗದದಲ್ಲಿ ಸಿಟ್ಟನ್ನು ಯಾರಿಗೂ ನಡುವೆ ಕಟ್ ಮಾಡಲಾಗುವುದಿಲ್ಲ.

ನಿನ್ನ ಶ್ರದ್ಧಾಂಜಲಿಯ ಫ್ಲೆಕ್ಸಿನ ಫೋಟೋವನ್ನು ನಿನಗೂ ಯಾರಾದರೂ ಕಳಿಸಿಯೇ ಇರುತ್ತಾರೆ. ಇಂಥದ್ದನ್ನು ಕಳಿಸಲು ಜನರಿಗೆ ಬಹಳ ಉತ್ಸಾಹ. ಆದರೆ ಬಸ್ ನಿಲ್ದಾಣದ ಎದುರು ನಿಂತು ತಲೆಯೆತ್ತಿ ನೋಡುವುದೇ ಬೇರೆ. ಕಪ್ಪು ಅಂಚು, ಎರಡೂ ಬದಿಗೆ ದೀಪ, ನಡುವೆ ನೀನು. ‘ಕು. ಚೈತ್ರಾ, ಎಂ.ಎ.’ ಎಂದು ಬರೆಸಿದ್ದಾರೆ. ಮದುವೆಯಾದಳೆಂದು ಕೊಂದವರು ಹೆಸರಿನ ಮುಂದಿನ ಕುಮಾರಿಯನ್ನು ಬಿಟ್ಟುಕೊಟ್ಟಿಲ್ಲ, ಹಿಂದಿನ ಡಿಗ್ರಿಯನ್ನೂ ಬಿಟ್ಟುಕೊಟ್ಟಿಲ್ಲ. ಮರಣದ ದಿನಾಂಕ ಏನು ಹಾಕಲಿ ಎಂದು ಅಂಗಡಿಯವನು ಕೇಳಿದಾಗ ನಮ್ಮ ಹೊನ್ನೂರಪ್ಪ ಮಾವ, ನೀನೂ ಭಾವನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿದ ಸೋಮವಾರವನ್ನೇ ಹೇಳಿದನಂತೆ. ಅವ್ವನ ಒಡಹುಟ್ಟಿದವನು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ತೋರಿಸಿದವನು, ನಿಂತ ನಿಲುವಿನಲ್ಲಿ ನಿನ್ನ ಸಾವಿನ ದಿನ ಹೇಳಿದ.

ಆ ಫೋಟೋ ನಿನಗೆ ಗೊತ್ತು. ನಿನಗೆ ರ‍್ಯಾಂಕ್ ಬಂದಾಗ ಅಪ್ಪ ಇದೇ ಜಾಗದಲ್ಲಿ ‘ಹಾರ್ದಿಕ ಅಭಿನಂದನೆಗಳು’ ಎಂದು ಹಾಕಿಸಿದ್ದನಲ್ಲ, ಅದೇ. ಅಂಗಡಿಯವನ ಕಂಪ್ಯೂಟರಿನಲ್ಲಿ ಆ ಫೈಲ್ ಹಾಗೇ ಇತ್ತು. ಹೂಗುಚ್ಛ ತೆಗೆದು ದೀಪ ಇಟ್ಟ. ‘ಶುಭ ಕೋರುವವರು’ ಎಂಬ ಸಾಲನ್ನು ಅಳಿಸಿ ‘ದುಃಖತಪ್ತ ಕುಟುಂಬ ವರ್ಗ’ ಎಂದು ಬರೆದ. ಶುಭ ಕೋರಿದವರ ಗುಂಡು ಫೋಟೋಗಳಲ್ಲಿ ಹೊನ್ನೂರಪ್ಪ ಮಾವನದು ನಿನ್ನ ಎಡಭುಜದ ಮೇಲೆ ಕೂತಿತ್ತು. ಅದನ್ನು ತೆಗೆದಾಗ ಅದರಡಿ ಮುಚ್ಚಿಹೋಗಿದ್ದ ನನ್ನ ಕೈ ಹೊರಬಂತು. ಮೂಲ ಫೋಟೋದಲ್ಲಿ ನಾವಿಬ್ಬರೂ ಇದ್ದೆವಲ್ಲ! ನನ್ನ ಮುಖವನ್ನೂ ಮೈಯನ್ನೂ ಆಗಲೇ ಕತ್ತರಿಸಿದ್ದವನು ಈ ಕೈಯನ್ನು ಗಮನಿಸಲೇ ಇಲ್ಲ. ಈಗ ಸತ್ತ ನಿನ್ನ ಭುಜದ ಮೇಲೆ ಹಸಿರು ಬಳೆ ತೊಟ್ಟ ನನ್ನ ಕೈ ಇದೆ. ನಾನಿಲ್ಲ, ಕೈ ಮಾತ್ರ ಇದೆ.

ಇದನ್ನೆಲ್ಲ ಮಾಡಿದ್ದು ನನಗಾಗಿ ಎನ್ನುತ್ತಾರೆ, ನನಗೆ ಉರಿಯುವುದೇ ಅಲ್ಲಿ. ಕುರುಗೋಡಿನ ಕರಿಬಸವನ ಜೊತೆ ನನ್ನ ನಿಶ್ಚಿತಾರ್ಥ ಆಗಿದ್ದು ನಿನ್ನ ಮದುವೆಗಿಂತ ಮುಂಚೆ. ನಿನ್ನ ಸುದ್ದಿ ಮುಟ್ಟಿದ ಮಾರನೆಯ ದಿನವೇ ಅವನ ತಾಯಿ ಹೇಳಿ ಕಳಿಸಿದಳು: “ಓಡಿಹೋದಾಕಿ ಮನಿಯಿಂದ ಹೆಣ್ಣು ತರಾಕ ಆಗಂಗಿಲ್ಲ. ಸತ್ತಾಕಿ ಮನಿಯಿಂದಾದ್ರ ತರಬಹುದು.” ಹಾಗಾಗಿ ಎರಡೂ ಊರಲ್ಲಿ ಫ್ಲೆಕ್ಸ್ ಎದ್ದಿತು. ಭಾವನ ತಾಯಿ ಇರುವುದು ಕುರುಗೋಡಿನ ಕೇರಿಯಲ್ಲಿ, ಆ ಕೇರಿಗೂ ನಮಗೂ ಯಾವ ಸಂಬಂಧವೂ ಇಲ್ಲ ಎಂದು ಅಲ್ಲಿಯವರೂ ಕಣ್ಣಾರೆ ಕಾಣಬೇಕಂತೆ. ಇನ್ನು ಈ ಗುರುವಾರ, ನೀನು ಸತ್ತ ಹನ್ನೊಂದನೆಯ ದಿನ, ನಮ್ಮ ಮನೆಯಲ್ಲಿ ನಿನ್ನ ತಿಥಿ. ಕುರುಗೋಡಿನವರು ಬಂದು ಉಂಡು ಕೈ ತೊಳೆದ ಮೇಲೆ ನನ್ನ ಮದುವೆಯ ದಿನ ಗೊತ್ತು ಮಾಡುತ್ತಾರೆ. ಹಾಗೆ ಆಗುವ ಮದುವೆ ನನಗೆ ಬೇಡ ಎಂದೆ. ಮಾವ, “ಲೇ ಹುಚ್ಚಿ, ನಿನ್ನ ಸಲುವಾಗೇ ಊರಾಗ ತಲಿ ತಗ್ಗಿಸಿ ನಿಂತೀವಿ. ಹತ್ತು ರೂಪಾಯಿ ಪುಸ್ತಕ ಓದಿ ಹಾಳಾದಿ ನೋಡು” ಎಂದ. ಬಳ್ಳಾರಿಯ ಸಭೆಗಳಲ್ಲಿ ಕೊಂಡು ತಂದ ನನ್ನ ಕಿರುಹೊತ್ತಿಗೆಗಳ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಅವುಗಳಲ್ಲಿ ಒಂದರಲ್ಲೂ ಬದುಕಿರುವ ಹುಡುಗಿಯನ್ನು ಕಂಬಕ್ಕೆ ಕಟ್ಟಿ ಅಳಬೇಕೆಂದು ಬರೆದಿಲ್ಲ, ಮಾವಾ, ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಎದ್ದುಹೋದ.

ಶುಕ್ರವಾರ ಮಾತುಕತೆಗೆಂದು ಅಪ್ಪ, ಮಾವ, ನಾನು ಕುರುಗೋಡಿಗೆ ಹೋಗಿದ್ದೆವು. ಬಸ್ಸಿಳಿದರೆ ಎದುರಿಗೇ ನೀನು. ಫ್ಲೆಕ್ಸಿನ ನೆರಳಿಗೆ ಕಾಯಿಪಲ್ಯೆ ಮಾರುವವರು ಸಾಲಾಗಿ ಕೂತಿದ್ದರು. ಕರಿಬಸವ ಮತ್ತು ಅವನ ತಾಯಿ ನಮ್ಮನ್ನು ಕರೆದೊಯ್ಯಲು ಬಂದು ನಿಂತಿದ್ದರು. ಆಕೆ ನನ್ನ ಬಳೆಯನ್ನು ನೋಡಿದಳು, ಮೇಲೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. “ಅಲ್ರೀ ಬೀಗರ, ಅಕಿ ಹೆಗಲ ಮ್ಯಾಲಿನ ಕೈ ಯಾರ್ದರೀ?” ಎಂದಳು. ಮಾವ ಗಂಟಲು ಸರಿಮಾಡಿಕೊಂಡು, “ಅದು ಡಿಸೈನ್ ರೀ” ಎಂದ. “ಡಿಸೈನಿಗೆ ಬಳಿ ಯಾರು ಇಡಸ್ತಾರ್ರೀ?” ನಾನು, “ನಂದು ರೀ ಅದು” ಎಂದೆ. ಆಕೆ ಎದೆ ಹಿಡಿದುಕೊಂಡಳು. “ಮದ್ವಿ ಹೆಣ್ಣಿನ ಕೈ ಸತ್ತಾಕಿ ಮೈಮ್ಯಾಲ! ತಗಸ್ರಿ ಅದನ್ನ, ಇವತ್ತೇ ತಗಸ್ರಿ.” ಅಕ್ಕಾ, ಕೇಳು. ನೀನು ಬಳ್ಳಾರಿಯಲ್ಲಿ ಬೆಳಗ್ಗೆ ಎದ್ದು ಚಹಾ ಕುಡಿದು ಕಾಲೇಜಿಗೆ ಹೋಗುತ್ತಿದ್ದೀಯ ಎಂದು ಆಕೆಗೆ ಚೆನ್ನಾಗಿ ಗೊತ್ತು. ನಿನ್ನನ್ನು ಸಾಯಿಸಿ ಎಂದು ಹೇಳಿ ಕಳಿಸಿದವಳೇ ಆಕೆ. ಆದರೂ ನಿನ್ನ ಹೆಣ ಮುಟ್ಟಿದ ಮೈಲಿಗೆ ನನಗೆ ಅಂಟಿತೆಂದು ಆಕೆ ನಿಜವಾಗಿ ನಡುಗುತ್ತಿದ್ದಳು. ತಾವೇ ಹೆಣೆದ ಸುಳ್ಳಿಗೆ ತಾವೇ ಹೆದರುವ ಜನರ ನಡುವೆ ನಾನು ಸೊಸೆಯಾಗಿ ಬಾಳಬೇಕಂತೆ.

ಆಗ ಪುಂಡಿಸೊಪ್ಪಿನ ಬುಟ್ಟಿಯ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. “ತಗೀಬ್ಯಾಡ್ರಿ ಯಪ್ಪಾ, ನಿಮ್ಮ ಪುಣ್ಯ. ನನ್ನ ಸೊಸಿ ಅಕಿ. ಮದ್ವಿ ನೋಡಾಕ ಆಗಲಿಲ್ಲ ಅಂತ ಭಾಳ ಬ್ಯಾಸರ ಇತ್ತು. ಈಗ ದಿನಾ ಅಕಿ ಮಾರಿ ನೋಡೇ ಬೋಣಿಗಿ ಮಾಡ್ತೀನಿ. ಎಷ್ಟು ಚಂದ ನಗ್ತಾಳ ನೋಡ್ರಿ!” ಸಾಲಿಗೆ ಸಾಲೇ ನಕ್ಕಿತು. ನಿನ್ನ ಅತ್ತೆ ಜಂಬಮ್ಮನನ್ನು ನಾನು ಕಂಡದ್ದು ಹೀಗೆ. ಆಮೇಲೆ ನನ್ನ ಕಡೆ ತಿರುಗಿ, “ಆ ಕೈ ನಿಂದೇನವ್ವಾ? ಹಂಗಾರ ನೀನೂ ನಮ್ಮಾಕಿನ” ಎಂದಳು. ಅಪ್ಪ ನೆಲ ನೋಡುತ್ತಿದ್ದ. ಕರಿಬಸವ ಮೊಬೈಲ್ ನೋಡುತ್ತಿದ್ದ. ಹುಡುಗ ಕೆಟ್ಟವನಲ್ಲ, ನಿಶ್ಚಿತಾರ್ಥದ ದಿನ ನಾನು ಏನು ಓದುತ್ತೇನೆ ಎಂದು ಕೇಳಿದ್ದ, ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಂಡಿದ್ದ. ಆದರೆ ಅಲ್ಲಿ, ಅಷ್ಟು ಜನರ ನಡುವೆ, ಅವನ ಹೆಬ್ಬೆರಳು ಸುಮ್ಮನೆ ಮೇಲೆ ಕೆಳಗೆ ಓಡುತ್ತಿತ್ತು. ಸಂಜೆ ಮಾವ ಅಂಗಡಿಗೆ ಹೋಗಿ ಕೈ ಅಳಿಸು ಎಂದನಂತೆ. ಕೈ ಅಳಿಸಿದರೆ ಭುಜವೂ ಹೋಗುತ್ತದೆ ಎಂದು ಅಂಗಡಿಯವನು ಹೇಳಿದ. ಕೊನೆಗೆ ಆ ಜಾಗಕ್ಕೆ ಒಂದು ಪ್ಲಾಸ್ಟಿಕ್ ಹಾರ ನೇತುಹಾಕಿದ್ದಾರೆ. ಗಾಳಿ ಬಂದಾಗಲೆಲ್ಲ ಹಾರ ಸರಿದು ಕೈ ಕಾಣುತ್ತದೆ.

ಬಸ್ಸಿನಲ್ಲಿ ವಾಪಸು ಬರುವಾಗ ನಿನ್ನ ಪಾಠಗಳು ನೆನಪಾದವು. ತರಗತಿಗೆ ಹೋಗುವ ಮುಂಚೆ, ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಾ, ಹಳೆಯ ಅಮೆರಿಕನ್ ಕಾದಂಬರಿಗಳನ್ನು ನೀನು ನನಗೆ ಹೇಳಿ ನೋಡುತ್ತಿದ್ದೆ. ದೇವರಿಗೆ ಹೆದರುವ ಜನರ ಸಣ್ಣ ಊರು, ಎದೆಗೆ ಕೆಂಪು ಬಟ್ಟೆಯ ಅಕ್ಷರ ಹಚ್ಚಿ, ಎಲ್ಲರ ಕಣ್ಣಿಗೂ ಬೀಳುವಂತೆ ನಡುವೆ ಕಟ್ಟೆಯ ಮೇಲೆ ನಿಲ್ಲಿಸಿದ ಒಂದು ಹೆಣ್ಣುಜೀವ, ಸುತ್ತ ನಿಂತು ನೋಡಿಯೇ ಪವಿತ್ರರಾಗುವ ಮಂದಿ. ನನಗೆ ಅಮೆರಿಕ ಎಂದರೆ ಎತ್ತರದ ಕಟ್ಟಡಗಳು ಮಾತ್ರ ಗೊತ್ತಿತ್ತು, ಅಲ್ಲೂ ಕಟ್ಟೆ ಪಂಚಾಯಿತಿ ಇತ್ತೇ ಎಂದು ಬೆರಗಾಗಿದ್ದೆ. ಪಾಪಪ್ರಜ್ಞೆಗೆ ಒಂದೇ ಎದೆ ಸಾಕು, ಅವಮಾನಕ್ಕೆ ಇಡೀ ಊರು ಬೇಕು ಎನ್ನುತ್ತಿದ್ದೆ. ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ‘ಕೆಂಪು ಎಂದರೆ ಪಾಪ’ ಎಂದು ಬರೆದದ್ದಕ್ಕೆ ನೀನು ಸಿಟ್ಟಾಗಿದ್ದೆ. ಬಣ್ಣಕ್ಕೆ ಆ ಅರ್ಥ ಕೊಟ್ಟವರು ಯಾರು ಎಂದು ಬರೆಯದಿದ್ದರೆ ಸಂಕೇತದ ಪ್ರಶ್ನೆಗೆ ಉತ್ತರ ಬರೆದಂತಲ್ಲ ಎಂದಿದ್ದೆ. ಈಗ ನಮ್ಮ ಬಸ್ ನಿಲ್ದಾಣಕ್ಕೆ ಬಂದು ನೋಡು. ಅದೇ ನಗು, ಅದೇ ಸೀರೆ. ಅಂದು ಇಡೀ ಊರು ಅದರಡಿ ನಿಂತು ಫೋಟೋ ತೆಗೆಸಿಕೊಂಡಿತ್ತು, ಇಂದು ಅದೇ ಊರು ಮಕ್ಕಳ ಕಣ್ಣು ಮುಚ್ಚಿ ಕರೆದೊಯ್ಯುತ್ತದೆ. ಇಷ್ಟರ ನಡುವೆ ಸೊಪ್ಪು ಮಾರುವ ಒಬ್ಬಳು ಅದನ್ನೇ ತನ್ನ ಮಗನ ಮದುವೆಯ ಫೋಟೋ ಮಾಡಿಕೊಂಡಿದ್ದಾಳೆ. ನೀನು ವರ್ಷಗಟ್ಟಲೆ ಪಾಠ ಮಾಡಿದ್ದನ್ನು ಜಂಬಮ್ಮ ಬುಟ್ಟಿಯ ಪಕ್ಕ ನಿಂತು ಮಾಡಿ ತೋರಿಸಿದಳು.

ಒಂದು ದಿನ ನಾನು ಕೇಳಿದ್ದೆ: ಅಷ್ಟು ಜನ ಇದ್ದರಲ್ಲ, ಒಬ್ಬರಾದರೂ ಮೇಲೆ ಹತ್ತಿ ಅವಳ ಪಕ್ಕ ನಿಲ್ಲಬಾರದಿತ್ತೇ? ನೀನು ನಕ್ಕು, “ನಿಂತಿದ್ರ ಕಾದಂಬರಿ ಎರಡು ಪುಟಕ್ಕ ಮುಗೀತಿತ್ತು ಲೇ” ಎಂದೆ. ನನಗೆ ಆ ಎರಡು ಪುಟದ ಕಾದಂಬರಿಯೇ ಬೇಕಾಗಿತ್ತು. ಗುಂಪಿನಲ್ಲಿ ಸುಮ್ಮನೆ ನಿಂತು, ಒಳಗೊಳಗೇ ಕೊರಗುವವರ ಬಗ್ಗೆ ಆ ಕಾದಂಬರಿಗಳು ಪುಟಗಟ್ಟಲೆ ಬರೆಯುತ್ತವೆ ಎಂದು ನೀನು ಹೇಳುವಾಗ ನಿನ್ನ ದನಿ ಮೆತ್ತಗಾಗುತ್ತಿತ್ತು. ನನಗೆ ಅವರ ಮೇಲೆ ಅಂದೂ ಕನಿಕರ ಬರಲಿಲ್ಲ, ಇಂದೂ ಬರುವುದಿಲ್ಲ. ಅಪ್ಪ ದಿನಾ ಬೆಳಕು ಹರಿಯುವ ಮುಂಚೆ ಫ್ಲೆಕ್ಸಿನ ಹತ್ತಿರ ಹೋಗುತ್ತಾನಂತೆ. ಗಾಳಿಗೆ ಸಡಿಲಾದ ಹಗ್ಗವನ್ನು ಮತ್ತೆ ಬಿಗಿದು, ಟವೆಲಿನಿಂದ ನಿನ್ನ ಮುಖದ ಧೂಳು ಒರೆಸಿ, ಸ್ವಲ್ಪ ಹೊತ್ತು ನಿಂತು ಬರುತ್ತಾನಂತೆ. ಚಹಾದಂಗಡಿಯವರು ಇದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಕರಗಲಿಲ್ಲ ಅಕ್ಕಾ. ಹಗ್ಗ ಬಿಗಿಯುವವನಿಗೆ ಅದನ್ನು ಬಿಚ್ಚಲೂ ಬರುತ್ತದೆ. ಯಾರೂ ಇಲ್ಲದಾಗ ಪಡುವ ದುಃಖದಿಂದ ಎಲ್ಲರೆದುರು ಮಾಡಿದ ಅವಮಾನ ತೀರುವುದಿಲ್ಲ. ಊರಿನ ಮುಂದೆ ಮಾಡಿದ್ದನ್ನು ಊರಿನ ಮುಂದೆಯೇ ಬಿಚ್ಚಬೇಕು.

ಈಗ ನಿನ್ನ ಸರದಿ. ಕಳೆದ ಗುರುವಾರ ಮೌನಿಕಾಳ ಫೋನಿಗೆ ಕರೆ ಮಾಡಿ ನೀನು ಏನೆಂದೆ? “ಇರ್ಲಿ ಬಿಡು ಕಾವೇರಿ, ನಾ ಸತ್ತೀನಿ ಅಂತ ತಿಳ್ಕೊಳ್ಳಿ. ನಿನ್ನ ಮದ್ವಿ ಆಗ್ಲಿ.” ಎಷ್ಟು ಸುಲಭವಾಗಿ ಸತ್ತೆ ನೀನು! ನನ್ನ ಮದುವೆ ನನಗೆ ಬೇಕೇ ಎಂದು ಅಪ್ಪ ಕೇಳಲಿಲ್ಲ, ಮಾವ ಕೇಳಲಿಲ್ಲ, ನೀನೂ ಕೇಳಲಿಲ್ಲ. ನಿನ್ನನ್ನು ಅವರು ಫ್ಲೆಕ್ಸ್ ಮಾಡಿದರು, ನೀನು ನನ್ನನ್ನು ನಿನ್ನ ತ್ಯಾಗದ ಫಲಕ ಮಾಡಲು ಹೊರಟಿದ್ದೀಯ. ತಂಗಿಗಾಗಿ ಸತ್ತವಳು ಎಂದು ಮನಸ್ಸಿನಲ್ಲೇ ಹಾರ ಹಾಕಿಕೊಂಡು ಬಳ್ಳಾರಿಯಲ್ಲಿ ಕೂರುತ್ತೀಯ, ನಾನು ಇಲ್ಲಿ ಬದುಕಿದಷ್ಟು ದಿನವೂ ನಿನ್ನ ಹೆಣದ ಮೇಲೆ ಸಂಸಾರ ಮಾಡಬೇಕು. ಒಂದು ತಪ್ಪನ್ನೂ ಮಾಡದ ನೀನು ತಲೆ ತಗ್ಗಿಸಿದರೆ, ತಪ್ಪು ನಿನ್ನದೇ ಎಂದು ಅವರು ಬರೆಸಿದ ಬರಹಕ್ಕೆ ನೀನೇ ಸಹಿ ಮಾಡಿದಂತೆ. ಪಾಠ ಹೇಳುವಾಗ ನಿನ್ನ ತಲೆ ಎಷ್ಟು ಎತ್ತರದಲ್ಲಿರುತ್ತಿತ್ತು, ನೆನಪು ಮಾಡಿಕೋ.

ಬಿರುಸಾಗಿ ಬರೆದೆ. ಬೇರೆ ಯಾರಿಗೆ ಹೀಗೆ ಬರೆಯಲಿ? ಭಾವನಿಗೆ ನನ್ನ ನಮಸ್ಕಾರ. ಅವರ ತಾಯಿಗೆ ಕಾಲಿಗೆರಗಿದೆನೆಂದು ಹೇಳು. ಇಂದಿರಾಬಾಯಿಯವರು ಇನ್ನೊಮ್ಮೆ ಕೇಳಿದರೆ ನೀನು ಕಾವೇರಿಯ ಪೈಕಿ ಎಂದು ಹೇಳು.

ನಿನ್ನ ಮೇಲೆ ಸಿಟ್ಟೂ ಪ್ರೀತಿಯೂ ಒಂದೇ ತೂಕದಲ್ಲಿರುವ
ನಿನ್ನ ತಂಗಿ,
ಕಾವೇರಿ

ಮರೆತಿದ್ದು: ಸೋಮವಾರ ಬೆಳಗ್ಗೆ. ಮೌನಿಕಾ ಬಾಗಿಲಲ್ಲಿ ನಿಂತು ಬಸ್ಸು ತಪ್ಪುತ್ತದೆ ಎಂದು ಕೂಗುತ್ತಿದ್ದಾಳೆ. ತಿಥಿಯ ಎಡೆಗೆ ಸತ್ತವರಿಗೆ ಇಷ್ಟವಾದ ಅಡಿಗೆಯನ್ನೇ ಮಾಡಬೇಕಲ್ಲ, ಇಷ್ಟು ದಿನ ಬಾಯಿ ಬಿಡದ ಅವ್ವ ನಿನ್ನೆ ರಾತ್ರಿ ಶೇಂಗಾ ಹುರಿಯಲು ಕೂತಳು. ಹೋಳಿಗೆ, ಗುರೆಳ್ಳು ಚಟ್ನಿ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ಮಾಡುತ್ತಾಳಂತೆ. ಅನ್ನ ಸಾರು ಸಾಕು ಎಂದ ಮಾವನಿಗೆ, “ಸತ್ತಾಕಿ ನನ್ನ ಮಗಳು. ಏನು ತಿಂತಾಳ ನನಗ ಗೊತ್ತೈತಿ, ನೀ ಸುಮ್ನಿರು” ಎಂದಳು. ಹೋಳಿಗೆ ಆರಿದ ಮೇಲೆ ನಿನಗೆ ಸೇರುವುದಿಲ್ಲ ಎಂಬುದೂ ಅವಳಿಗೆ ನೆನಪಿದೆ. ಕೊನೆಯ ಹೊತ್ತಿಗೆ ಬೇಯಿಸುತ್ತೇನೆ ಎನ್ನುತ್ತಿದ್ದಾಳೆ. ಗುರುವಾರ ಮಧ್ಯಾಹ್ನ ಊಟ. ಭಾವನನ್ನೂ ಜಂಬಮ್ಮ ಅತ್ತೆಯನ್ನೂ ಕರೆದುಕೊಂಡು ಬಾ. ಭಾವನ ಗೆಳೆಯರು ಎಷ್ಟು ಜನ ಬಂದರೂ ಬರಲಿ, ಅನ್ನಕ್ಕೆ ಕೊರತೆಯಿಲ್ಲ. ಹಿತ್ತಲಿನಿಂದ ಬೇಡ, ಮುಂಬಾಗಿಲಿನಿಂದ ಬಾ, ನಾನು ಅಲ್ಲೇ ನಿಂತಿರುತ್ತೇನೆ. ನೀನು ಬರದಿದ್ದರೆ ನಿನ್ನ ಎಡೆಯನ್ನು ಕುರುಗೋಡಿನವರ ಎದುರು ನಾನೇ ಕೂತು ಉಣ್ಣುತ್ತೇನೆ, ಸತ್ತವಳ ಎಡೆ ಉಂಡವಳ ಮದುವೆಯ ಮಾತು ಆಮೇಲೆ ಯಾರೂ ಎತ್ತುವುದಿಲ್ಲ. ಆದರೆ ಅದು ನಿನ್ನ ಊಟ ಅಕ್ಕಾ. ಮೊದಲು ಮಾಳಿಗೆಯ ಮೇಲೆ ಕಾಗೆಗೆ ಇಡುತ್ತಾರೆ. ಕಾಗೆಗಿಂತ ಮುಂಚೆ ಬಾ.