ಕಪ್ಪೆರಾಜನ ಮೊಣಕಾಲು

ಕಲ್ಯಾಣ ಪೂರ್ವ,
ನವೆಂಬರ್ ೧೪, ೨೦೨೪

ನನ್ನ ಮಗಳು ದಾನೇಶ್ವರಿಗೆ,

ಸೊಲ್ಲಾಪುರದಲ್ಲಿ ಚಳಿ ಶುರುವಾಗಿರಬೇಕು. ನಿನ್ನ ಕೆಮ್ಮು ಹೋಯಿತೇ? ಅಳಿಯಂದಿರು, ಮೊಮ್ಮಗಳು ಆರಾಮ ಇದ್ದಾರೆಯೇ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ನಿನ್ನ ಅವ್ವ ಕಿವಿ ತಂದು ಪಕ್ಕಕ್ಕೆ ಇಡುತ್ತಾಳೆ. ಅವಳ ಮುಂದೆ ಹೇಳಲು ನಾಚಿಕೆ, ಅದಕ್ಕೇ ಈ ಕಾಗದ.

ಹೋದ ವರ್ಷ ಠಾಣೆಯ ದವಾಖಾನೆಯಲ್ಲಿ ನಮ್ಮಿಬ್ಬರ ಮೊಣಕಾಲನ್ನೂ ನೋಡಿದ ಡಾಕ್ಟರು, ಹೆಚ್ಚು ಸವೆದಿರುವುದು ಅವ್ವನದೇ ಎಂದಿದ್ದರು. ಅವಳು ಕೇಳಲಿಲ್ಲ. "ಮೊದಲ ಇವರದ ಮಾಡ್ರಿ. ಇವರು ಮೂಲಿ ಹಿಡದ್ರ ಚಾಳಿನಾಗ ಕಥಿ ಹೇಳಾವ್ರು ಯಾರದಾರ?" ಎಂದು ನಕ್ಕಳು. ನಾನೂ ನಕ್ಕೆ. ಆಪರೇಷನ್ ಆಗಿ ಹೊಸ ಮೊಣಕಾಲು ಬಂದ ಮೇಲೆ ನನ್ನ ಹಮ್ಮು ಕೇಳಬೇಡ. ದಸರೆಯ ಹೊತ್ತಿಗೆ ಚಾಳಿನ ವಠಾರದ ಹುಡುಗರಿಗೆ ಕಪ್ಪೆರಾಜನ ಕಥೆ ಹೇಳುತ್ತಿದ್ದೆ. ಬರಿ ಬಾಯಲ್ಲಿ ಹೇಳಿದರೆ ರಂಗೇರುವುದಿಲ್ಲ ನೋಡು, ಕುಕ್ಕರಗಾಲಿನಲ್ಲಿ ಕೂತು ಕುಪ್ಪಳಿಸಿಯೇಬಿಟ್ಟೆ. ಹಾಗೆ ಕೂರಲೇಬಾರದೆಂದು ಡಾಕ್ಟರು ಹೇಳಿದ್ದರು. "ಏ ಮುದುಕಾ, ಆ ಕಾಲಿನಾಗ ನನ್ನ ಪಾಳಿನೂ ಅದ!" ಎಂದು ಅವ್ವ ಒಳಗಿನಿಂದ ಕೂಗಿದಳು. ಹುಡುಗರು "ಆಜೋಬಾ, ಅಜೂನ್ ಏಕದಾ!" ಎಂದರು. ನಾನು ಹುಡುಗರ ಮಾತು ಕೇಳಿದೆ, ಮತ್ತೊಮ್ಮೆ ಹಾರಿದೆ.

ಅಂದಿನಿಂದ ಎದ್ದರೆ ಸಾಕು, ಕಾಲು ಟಕ್ ಎನ್ನುತ್ತದೆ. ಒಳಗೊಬ್ಬ ಕಮ್ಮಾರ ಕೂತಿದ್ದಾನೆಂದು ಅದನ್ನೂ ಕಥೆ ಮಾಡಿದೆ. ಸೋಮವಾರ ಡಾಕ್ಟರು ಎಕ್ಸ್‌ರೇ ತೋರಿಸಿದರು. ಮೇಲೊಂದು ಲೋಹ, ಕೆಳಗೊಂದು ಲೋಹ, ನಡುವಿನ ಕಪ್ಪು ಜಾಗವೇ ಪ್ಲಾಸ್ಟಿಕ್ ತುಂಡಂತೆ. ಕಾಲು ಮಡಚಿದಾಗ ಮೇಲಿನ ಲೋಹ ಅದರ ಮೇಲೆ ಹದವಾಗಿ ಜಾರಬೇಕು, ತುಂಡು ಮಾತ್ರ ಕೂತಲ್ಲೇ ಇರಬೇಕು. ನನ್ನದು ಸಡಿಲಾದ ಹಲ್ಲಿನಂತೆ ಅಲ್ಲಾಡುತ್ತಿದೆ, ಮತ್ತೆ ತೆರೆದು ಬದಲಿಸಬೇಕು ಎಂದರು. ಹೇಗಾಯಿತೆಂದು ಕೇಳಿದಾಗ ಕಪ್ಪೆಯ ಹೆಸರು ಬಾಯಿಗೆ ಬರಲಿಲ್ಲ. ಅವ್ವ ನನ್ನ ಮುಖ ನೋಡಿ, "ಬಚ್ಚಲದಾಗ ಜಾರ್ಯಾರ್ರಿ" ಎಂದು ನನ್ನ ಮಾನ ಉಳಿಸಿದಳು.

ಹೊಸ ವರ್ಷಕ್ಕೆ ನೀನು ರಜೆ ಹಾಕಿ ಬರುವುದು ಅವ್ವನ ಆಪರೇಷನ್ನಿಗೆ. ಆ ರಜೆ ಮತ್ತೆ ಬೇಗ ಸಿಗದು, ನಮ್ಮನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಆದರೂ ಅಂದು ಮರಳುವಾಗ ಲೋಕಲ್ ರೈಲಿನಲ್ಲಿ ಅವ್ವ ದಾರಿಯುದ್ದಕ್ಕೂ, "ದಾನಿ ಹೆಂಗೂ ಬರತಾಳ, ಮೊದಲ ನಿಮ್ದ ಆಗ್ಲಿ" ಎನ್ನುತ್ತಿದ್ದಳು. ಕಲ್ಯಾಣದಲ್ಲಿ ಇಳಿದು ಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿದು, ಒಂದೊಂದಕ್ಕೂ ಎರಡೂ ಪಾದ ಇಟ್ಟು ಹತ್ತಿದಳು. ಹಿಂದಿನವರು "ಚಲೋ, ಚಲೋ" ಎಂದು ಗದರುತ್ತಿದ್ದರು. ಅವಳ ಬೆನ್ನ ಹಿಂದೆ ನಿಂತ ನನಗೆ ತಲೆ ಎತ್ತಲಾಗಲಿಲ್ಲ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು, ಮೊಮ್ಮಗಳ ತಲೆ ಸವರು. ಶರಣಬಸಪ್ಪ ನಿಮ್ಮನ್ನು ತಂಪಾಗಿಟ್ಟಿರಲಿ.

ನಿನ್ನ ಅಪ್ಪ,
ಸೈದಪ್ಪ

ಇನ್ನೊಂದು ಮಾತು: ಈಗಷ್ಟೇ ಹೊರಗೆ ಹೋಗಿ ಡಾಕ್ಟರಿಗೆ ಫೋನು ಮಾಡಿ ಕಪ್ಪೆಯ ಸಂಗತಿ ಹೇಳಿಬಿಟ್ಟೆ. ಅವರು ನಗಲಿಲ್ಲ. ಕೋಲು ಹಿಡಿದು ನಡೆದರೆ ಕೆಲವು ತಿಂಗಳು ತಡೆಯಬಹುದು, ಆದರೆ ನೋವು ತಿನ್ನಬೇಕಾದೀತು ಎಂದರು. ಜನವರಿಗೆ ಅವ್ವನ ಹೆಸರೇ ಇರಲಿ ಎಂದೆ. ನೋವಿನ ಮಾತು ಅವ್ವನಿಗೆ ಹೇಳಬೇಡ. ನೀನು ಬಂದಾಗ ಅವಳು "ಮೊದಲ ಅಪ್ಪಂದು" ಎನ್ನುತ್ತಾಳೆ, ನಗುತ್ತಲೇ ಎನ್ನುತ್ತಾಳೆ. ನೀನು ಮಾತ್ರ ನನ್ನ ಹಾಗೆ ನಗಬೇಡ.